ಪಾಳಿಯಲ್ಲಿಟ್ಟ ಕೊಡ

ನಮ್ಮ ಊರಿನಲ್ಲಿ ನಲ್ಲಿ ದಿನ ಬಿಟ್ಟು ದಿನ ಬರುತ್ತದೆ. ಮೊದಲು ಬರುವ ಕೆಂಪು ನೀರು ಜಾಹೀರಾತು. ಅದನ್ನು ಯಾರೂ ನೋಡುವುದಿಲ್ಲ. ಬಚ್ಚಲು ತೊಳೆಯಲು, ಅಂಗಳಕ್ಕೆ ಚಿಮುಕಿಸಲು ಬಳಸುತ್ತೇವೆ. ನೀರು ತಿಳಿಯಾದ ಮೇಲೆ ಧಾರಾವಾಹಿ ಶುರು. ಆಗ ಪಾಳಿಯಲ್ಲಿದ್ದವರೆಲ್ಲ ನಲ್ಲಿಕಟ್ಟೆಯ ಸುತ್ತ ಒತ್ತಾಗಿ ನಿಂತು, ನಲ್ಲಿಯ ಕೆಳಗಿಟ್ಟ ಅಗಲ ತಟ್ಟೆಯಂಥ ದೊಡ್ಡ ಪರಾತದೊಳಗೆ ಬಗ್ಗಿ ನೋಡುತ್ತಾರೆ. ಪರಾತಕ್ಕೆ ನಮ್ಮಲ್ಲಿ ಟೀವಿ ಎಂದೇ ಹೆಸರು. ಹಬ್ಬ ಬಂತೆಂದರೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಮುಖಗಳು ಚೆನ್ನಾಗಿ ಕಾಣುತ್ತವೆ. ನೋಡಿ ಮುಗಿದ ನೀರು ಬರೀ ನೀರು. ಅದನ್ನು ಚೊಂಬಿನಲ್ಲಿ ಮೊಗೆದು ಒಬ್ಬೊಬ್ಬರ ಕೊಡಕ್ಕೆ ತುಂಬಿಕೊಳ್ಳುತ್ತೇವೆ. ಕುಡಿಯಬಹುದು, ಅಡುಗೆ ಮಾಡಬಹುದು. ನೋಡದೆ ಬಿಟ್ಟ ನೀರಿನಲ್ಲಿ ಮಾತ್ರ ಬೇಳೆ ಬೇಯುವುದಿಲ್ಲ.

ನೋಡುವಾಗ ನಾವು ನಕ್ಕದ್ದು, ಅತ್ತದ್ದು ನಲ್ಲಿಯ ಬಾಯಿಂದ ಪೈಪಿನೊಳಗೆ ಹತ್ತಿ ಮೇಲಿನೂರಿಗೆ ಹೋಗುತ್ತದೆ. ಧಾರಾವಾಹಿ ಮಾಡುವವರು ಅಲ್ಲಿದ್ದಾರೆ. ನಮ್ಮೂರಿನವರು ಯಾರೂ ಅಲ್ಲಿಗೆ ಹೋಗಿ ನೋಡಿದ್ದಿಲ್ಲ. ಆದರೆ ಯಾವ ಪಾತ್ರಕ್ಕೆ ನಾವು ಹೆಚ್ಚು ಅತ್ತೆವೋ ಆ ಪಾತ್ರಕ್ಕೆ ಮುಂದಿನ ವಾರ ಕಷ್ಟ ಹೆಚ್ಚಾಗುವುದನ್ನು ಎಲ್ಲರೂ ಕಂಡಿದ್ದೇವೆ.

ನಮ್ಮ ಓಣಿಯ ನಲ್ಲಿಯ ಕೀಲಿ ನನ್ನ ಹತ್ತಿರ ಇರುತ್ತದೆ. ನಾನು ಹಗಲು ಬ್ಲೌಸುಗಳಿಗೆ ಹುಕ್ಕು, ಕಾಜಾ ಹಾಕುವ ಕೆಲಸ ಮಾಡಿಕೊಂಡು ಸಂಜೆ ಕಾಲೇಜಿಗೆ ಹೋಗಿ ಓದಿದವಳು. ಕಾನೂನು ಅಲ್ಲಿ ಇದ್ದದ್ದು ಒಂದೇ ಪೇಪರು, ಅದನ್ನೂ ನಾನು ತಿಣುಕಿ ಪಾಸು ಮಾಡಿದ್ದೆ. ಆದರೂ ಓಣಿಯವರು ನನಗೆ ಲಾಯರಮ್ಮ ಎಂದು ಹೆಸರಿಟ್ಟರು. ಮೊದಲು ಚುಡಾಯಿಸಲು ಹಾಗೆ ಕರೆಯುತ್ತಿದ್ದವರು ಆಮೇಲೆ ನಿಜವಾಗಿಯೇ ಕೇಳಲು ಬರತೊಡಗಿದರು. ನಾನು ಏನೋ ಒಂದು ಉತ್ತರ ಹೇಳಿ, ಮನೆಗೆ ಬಂದು, ಅದು ಸರಿಯೋ ತಪ್ಪೋ ಎಂದು ಒದ್ದಾಡಿ, ಮತ್ತೆ ಅವರ ಮನೆಗೆ ಹೋಗಿ ತಿದ್ದಿ ಬರುತ್ತಿದ್ದೆ. ತಿದ್ದಿದ್ದನ್ನು ಮತ್ತೆ ತಿದ್ದಲು ಹೋದದ್ದೂ ಇದೆ. ಇಷ್ಟು ಹೆದರುವವಳ ಕೈಯಲ್ಲಿ ಕೀಲಿ ಇದ್ದರೆ ಮೋಸವಾಗುವುದಿಲ್ಲ ಎಂದುಕೊಂಡೋ ಏನೋ, ಅದನ್ನು ನನಗೇ ಕೊಟ್ಟರು.

ಕೀಲಿಯವಳ ಕೆಲಸ ಹೆಚ್ಚೇನಿಲ್ಲ. ಹೊತ್ತಿಗೆ ಸರಿಯಾಗಿ ನಲ್ಲಿಯ ಬೀಗ ತೆಗೆಯಬೇಕು, ಪಾಳಿ ಕಾಯಬೇಕು, ಮುಗಿದ ಮೇಲೆ ಬೀಗ ಹಾಕಬೇಕು. ಪಾಳಿಗೆ ಆಳೇ ಬರಬೇಕೆಂದಿಲ್ಲ. ಕೊಡ ಇಟ್ಟರೆ ಆಳು ಇದ್ದ ಹಾಗೆ. ಕೆಲಸಕ್ಕೆ ಹೋಗುವವರು, ಒಲೆ ಮೇಲೆ ಅನ್ನ ಇಟ್ಟವರು, ಬಾಣಂತಿಯರು ಎಲ್ಲರೂ ನಸುಕಿನಲ್ಲಿ ಕೊಡ ಇಟ್ಟು ಹೋಗುತ್ತಾರೆ. ಅವರ ಕೊಡವನ್ನು ಯಾರೂ ಕಾಲಿನಿಂದ ಸರಿಸುವುದಿಲ್ಲ. ಸರಿಸಿದರೆ ಅವರನ್ನೇ ಒದ್ದಷ್ಟು ಜಗಳವಾಗುತ್ತದೆ. “ನನ್ನ ಹಿಂದೆ ಯಾರು?” ಎಂದು ಕೇಳಿದರೆ, “ನಿಮ್ಮ ಹಿಂದೆ ಗೌರಮ್ಮ ನಿಂತಾಳಲ್ಲ” ಎಂದು ಒಂದು ತಾಮ್ರದ ಕೊಡದ ಕಡೆ ಕೈ ತೋರಿಸುತ್ತಾರೆ. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಆದರೆ ನೋಡುವುದಕ್ಕೆ ಕಣ್ಣು ಬೇಕು. ಪರಾತದಲ್ಲಿ ಉಳಿದವರೆಲ್ಲ ನೋಡಿದ್ದರೂ, ಕೊಡದ ಒಡೆಯರು ಎದುರಿಗಿಲ್ಲದಿದ್ದರೆ ಅವರ ಪಾಲಿನ ಕಂತು ಅದರೊಳಗೆ ಹಾಗೇ ಉಳಿದುಬಿಡುತ್ತದೆ. ಒಂದು ಕೊಡದಲ್ಲಿ ಉಳಿಯಿತೆಂದು ಇನ್ನೊಂದಕ್ಕೆ ಕಡಿಮೆಯಾಗುವುದಿಲ್ಲ, ಅದು ಬೇರೆ. ಅಂಥ ಕೊಡದೊಳಗೆ ಕೀಲಿಯವಳು ಇಣುಕಿ ನೋಡಿ, ಬರೀ ನೀರು ಮಾಡಿ, ಅವರವರ ಬಾಗಿಲಿಗೆ ಇಡಬೇಕು. ಇದಕ್ಕೆ ನೋಡಿಕೊಡುವುದು ಎನ್ನುತ್ತಾರೆ. ನಾನು ಒಂದೇ ಕಂತನ್ನು ಒಂದೇ ಬೆಳಿಗ್ಗೆ ಏಳೆಂಟು ಕೊಡಗಳಲ್ಲಿ ನೋಡಿಕೊಟ್ಟು, ಅತ್ತೆಯ ಬೈಗುಳವೆಲ್ಲ ಬಾಯಿಪಾಠವಾಗಿ, ಕಾಜಾ ಹಾಕುವಾಗ ಗೊಣಗಿಕೊಳ್ಳುತ್ತಿದ್ದೆ.

ನನ್ನ ಎದುರು ಮನೆಯ ಹನುಮಕ್ಕ ಮಗಳ ಮದುವೆ ಮುಗಿದ ಮೇಲೆ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗತೊಡಗಿದಳು. ಬೆಳಕು ಹರಿಯುವ ಮುಂಚೆ ಹೋದರೆ ಬರುವುದು ಮಧ್ಯಾಹ್ನ, ತಲೆಗೂದಲಲ್ಲಿ ಹೊಟ್ಟು, ರೆಪ್ಪೆಯಲ್ಲಿ ಮಸಿ. ಅದಕ್ಕೆ ಮೊದಲು ಅವಳು ಪಾಳಿಯಲ್ಲಿ ತಪ್ಪದೆ ನಿಲ್ಲುತ್ತಿದ್ದಳು. ಧಾರಾವಾಹಿಯಲ್ಲಿ ಒಬ್ಬ ಕಲಾಯಿಯವನಿದ್ದ. ದೊಡ್ಡ ಮನೆಯ ಅತ್ತೆ ಸೊಸೆ ಆಸ್ತಿ ಪತ್ರ ಹಿಡಿದು ಎಳೆದಾಡುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು, “ಪಾತ್ರೆಗೆ ಕಲಾಯಿ ಹಾಕಿಸೋದು ಐತೇನ್ರಮ್ಮ” ಎಂದು ಕೇಳಿ, ಯಾರೂ ಉತ್ತರ ಕೊಡದಿದ್ದಾಗ ಬೆಂಕಿ ಊದುವ ತಿದಿ ಹೆಗಲಿಗೇರಿಸಿ ಹೊರಟುಹೋಗುತ್ತಿದ್ದ. ಅಷ್ಟೇ ಅವನ ಪಾತ್ರ. ನಮಗೆ ಯಾರಿಗೂ ಅದರಲ್ಲಿ ನಗುವಂಥದ್ದು ಕಾಣುತ್ತಿರಲಿಲ್ಲ. ಹನುಮಕ್ಕ ಮಾತ್ರ ನಲ್ಲಿಕಂಬ ಹಿಡಿದುಕೊಂಡು, ಹೊಟ್ಟೆ ಒತ್ತಿಕೊಂಡು ನಗುತ್ತಿದ್ದಳು. ಕಲಾಯಿಯವನು ಹೋಗಿ ಸೊಸೆ ವಿಷದ ಬಾಟಲಿ ಎತ್ತಿಕೊಂಡರೂ ಅವಳ ನಗು ನಿಲ್ಲುತ್ತಿರಲಿಲ್ಲ.

ಭಟ್ಟಿಗೆ ಸೇರಿದ ಮೇಲೆ ಅವಳಿಗೆ ಕಥೆ ಹೇಳುವ ಕೆಲಸವನ್ನು ವಿಶಾಲಮ್ಮನವರು ವಹಿಸಿಕೊಂಡರು. ಅವರು ಹನುಮಕ್ಕನ ಪಕ್ಕದ ಮನೆಯವರು, ನಮ್ಮ ಓಣಿಗೆಲ್ಲ ಹಿರಿಯರು. ಮಧ್ಯಾಹ್ನ ಹನುಮಕ್ಕ ಊಟಕ್ಕೆ ಕೂತರೆ ಇವರು ಹೊಸ್ತಿಲ ಹೊರಗೆ ಕೂತು ಕಂತನ್ನು ಮೊದಲಿನಿಂದ ಹೇಳುವರು. ಅರ್ಧ ಗಂಟೆಯ ಕಂತು ಅವರ ಬಾಯಲ್ಲಿ ಸಂಜೆಯವರೆಗೂ ಬೆಳೆಯುತ್ತಿತ್ತು. ಸೊಸೆಯ ಸೀರೆಯ ಅಂಚು, ಅತ್ತೆ ಹುಬ್ಬು ಎತ್ತಿದ್ದು, ತಾವು ಆಗ ಏನು ಅಂದುಕೊಂಡದ್ದು ಎಲ್ಲ ಇರುತ್ತಿತ್ತು. ಕಲಾಯಿಯವನು ಮಾತ್ರ ಇರುತ್ತಿರಲಿಲ್ಲ. ಅವನು ವಿಶಾಲಮ್ಮನವರ ಕಣ್ಣಿಗೆ ಬಿದ್ದೇ ಇರಲಿಲ್ಲ.

ಒಂದು ನಸುಕಿನಲ್ಲಿ ಹನುಮಕ್ಕ ಕೊಡ ಇಟ್ಟು, ಭಟ್ಟಿಗೆ ಹೊರಡುವ ಮುಂಚೆ ನನ್ನ ಹತ್ತಿರ ಬಂದಳು.

“ಮಂಗಳಾ, ಇವತ್ತು ನನ್ ಕೊಡದಾಗೆ ಇಣುಕಬ್ಯಾಡ. ಒದ್ದೆ ಅರಿವೆ ಮುಚ್ಚಿ ಮನಿಯಾಗೆ ಇಟ್ಟುಬಿಡು. ಮಧ್ಯಾಹ್ನ ಬಂದು ನಾನೇ ನೋಡ್ಕಂತೀನಿ.”

ಹಾಗೆ ಮಾಡಬಹುದೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೆ.

“ಓದಿದ ನಿನಗೇ ಗೊತ್ತಿಲ್ಲ ಅಂದ್ರೆ, ಮಾಡಬಾರ್ದು ಅಂತ ಎಲ್ಲೂ ಬರೆದಿಲ್ಲ ಅಂತ ಆತು. ಮುಚ್ಚು.”

ನಾನು ಮುಚ್ಚಿದೆ. ಆ ದಿನ ಮಧ್ಯಾಹ್ನ ಅವಳ ಮನೆಯ ಒಳಗಿನಿಂದ ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿಸಿತು. ಕಲಾಯಿಯವನು ಬಂದನೆಂದು ನನಗೆ ಗೊತ್ತಾಯಿತು. ಹಾಕುತ್ತಿದ್ದ ಕಾಜಾ ಬಿಟ್ಟು ಕಿವಿಗೊಟ್ಟೆ. ಆಮೇಲೆ ಇದೇ ರೂಢಿಯಾಯಿತು. ಹನುಮಕ್ಕ ಅದನ್ನು ಹಿಡಿದಿಡೋದು ಎನ್ನುತ್ತಿದ್ದಳು. ವಿಶಾಲಮ್ಮನವರು ಕಥೆ ಹೇಳಲು ಬಂದರೆ, “ನೋಡ್ಕಂಡೆ ಬಿಡಿ ಅಮ್ಮಾರೆ” ಎಂದು ನಗುತ್ತಾ ಹೇಳುತ್ತಿದ್ದಳು. ಅವರು ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತು, ಬಿಸಿಲು ಜಾಸ್ತಿ ಎಂದೋ ಏನೋ ಗೊಣಗಿ ತಮ್ಮ ಮನೆಗೆ ಹೋಗುತ್ತಿದ್ದರು.

ನೀರಿನ ಮಂಡಳಿಯ ನೋಟಿಸು ಬಂದದ್ದು ಬೇಸಿಗೆಯ ಕೊನೆಗೆ. ನಲ್ಲಿಕಂಬಕ್ಕೆ ಅಂಟಿಸಿ ಹೋಗಿದ್ದರು. ಈಚೆಗೆ ನಮ್ಮ ಊರಿನ ನಗು, ಅಳು ಮೇಲಿನೂರಿಗೆ ಸರಿಯಾಗಿ ತಲುಪುತ್ತಿಲ್ಲ, ಜನ ಕಂತುಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದೇ ಇದಕ್ಕೆ ಕಾರಣ, ನೀರು ಬರುವ ಹೊತ್ತಿನಲ್ಲಿ ಪಾಳಿಯಲ್ಲಿ ಇದ್ದವರಿಗಷ್ಟೇ ನೋಡುವ ಹಕ್ಕು, ಇಟ್ಟುಕೊಂಡವರ ಕೊಡವನ್ನು ಪಾಳಿಯಿಂದ ಕಾಯಂ ಆಗಿ ತೆಗೆಯಲಾಗುವುದು ಎಂದು ಬರೆದಿತ್ತು. ನಮ್ಮ ಓಣಿಯಿಂದ ಒಂದು ದೂರು ಬಂದಿರುವುದರಿಂದ ಮುಂದಿನ ನೀರಿನ ದಿನ ಸಾಹೇಬರೇ ಬಂದು ವಿಚಾರಿಸುತ್ತಾರೆಂದೂ ಕೆಳಗೆ ಇತ್ತು. ಕೊಡ ತೆಗೆಯುವುದೆಂದರೆ ಧಾರಾವಾಹಿ ಹೋಗುವುದಷ್ಟೇ ಅಲ್ಲ, ನೀರೂ ಹೋಗುತ್ತದೆ. ಹಾಗೆ ಕೊಡ ಕಳೆದುಕೊಂಡ ಒಂದು ಮನೆ ಹಿಂದಿನ ಓಣಿಯಲ್ಲಿತ್ತು. ಅವರು ಕೆರೆಯಿಂದ ಹೊತ್ತು ತಂದು, ಕೊನೆಗೆ ಊರನ್ನೇ ಬಿಟ್ಟರು.

ಓಣಿಯಲ್ಲಿ ಆ ಸಂಜೆ ಅದೇ ಮಾತು. ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಕಂತುಗಳನ್ನು ಬಾಟಲಿಗೆ ತುಂಬಿ ಮಾರುವವರಿಗಾಗಿ ಮಾಡಿದ ಕಾನೂನು ಇದು ಎಂದು ಕೆಲವರು ಹೇಳಿದರು. ಮಾರಿದರೇನು, ಮನೆಯಲ್ಲಿ ನೋಡಿದರೇನು, ಹಿಡಿದಿಟ್ಟದ್ದು ಹಿಡಿದಿಟ್ಟದ್ದೇ ಎಂದು ಇನ್ನು ಕೆಲವರು. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಸಂಜೆ ಕಾಲೇಜಿನ ಶಂಭುಲಿಂಗಪ್ಪ ಮೇಷ್ಟ್ರು ನೆನಪಾದರು. ಒಂದು ಕಾನೂನು ಅರ್ಥವಾಗದಿದ್ದರೆ ಅದು ಯಾವ ನಷ್ಟಕ್ಕೆ ಹೆದರಿ ಹುಟ್ಟಿತು ಎಂದು ಕೇಳಿಕೊಳ್ಳಿ ಎಂದು ಅವರು ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಆ ವಾಕ್ಯ ಬರೆದದ್ದಕ್ಕೆ ನನಗೆ ಅಂಕ ಬಂದಿರಲಿಲ್ಲ. ಹಾಗಾಗಿ ಅದನ್ನು ನಂಬಬೇಕೋ ಬೇಡವೋ ತಿಳಿಯದೆ, ನೋಡಿ ಹೇಳುತ್ತೇನೆ ಎಂದು ಎಲ್ಲರಿಂದ ತಪ್ಪಿಸಿಕೊಂಡೆ.

ಮೊದಲು ಹನುಮಕ್ಕನ ಮನೆಗೆ ಹೋದೆ. ಯಾರಾದರೂ ಕಾಯಿಲೆಯವರಿಗಾಗಿ ಹಿಡಿದಿಟ್ಟೆ ಎಂದರೆ ಸಾಹೇಬರ ಮನಸ್ಸು ಕರಗಬಹುದು ಎಂಬ ಒಂದು ಉಪಾಯ ನನ್ನ ತಲೆಯಲ್ಲಿತ್ತು. ನಿನ್ನ ಗಂಡನಿಗೆ ಬೆನ್ನುನೋವಲ್ಲವೇ ಎಂದು ನೆನಪಿಸಿದೆ. ಅವನು ಬೆನ್ನುನೋವಿನಲ್ಲೇ ಲಾರಿಗೆ ಲೋಡು ಹೊರುತ್ತಾನೆ, ಧಾರಾವಾಹಿ ಕಂಡರೆ ಆಗುವುದಿಲ್ಲ ಎಂದಳು. ನಿಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ ಎನ್ನೋಣವೇ ಎಂದೆ.

“ನಮ್ಮತ್ತಿ ಸತ್ತು ಎಷ್ಟೋ ವರ್ಷ ಆತು. ಸತ್ತೋರನ್ನ ಎಬ್ಬಿಸಿ ಹಾಸಿಗಿ ಮ್ಯಾಲೆ ಮಲಗಿಸ್ತೀಯೇನು?” ಎಂದು ಅವಳು ಒಲೆಯ ಬೂದಿ ಕೆದರುವುದನ್ನು ನಿಲ್ಲಿಸಿದಳು. “ಯಾರ ಸಲುವಾಗೂ ಅಲ್ಲ ಮಂಗಳಾ. ನನಗೇ ಬೇಕು. ಮುಂಜಾನೆಯಿಂದ ಮರಳಿನಾಗೆ ಮಂಡಕ್ಕಿ ಹುರಿದು ಬರ್ತೀನಿ. ಅರ್ಧ ತಾಸು ಕುಂತು ನಗಬೇಕು ಅನ್ನಿಸ್ತೈತಿ. ಅದಕ್ಕೂ ಯಾರಾರ ಕಾಯಿಲೆ ಬೀಳಬೇಕಾ?”

ನಾನು ಎದ್ದು ಬಂದೆ. ಅವಳಿಗೆ ಸಿಟ್ಟು ಬಂದಿತೇನೋ ಎಂದು ಆಮೇಲೆ ಎರಡು ಸಲ ಬಾಗಿಲವರೆಗೆ ಹೋಗಿ ಹಿಂತಿರುಗಿದೆ.

ಮರುದಿನ ನೀರಿಲ್ಲದ ದಿನ. ಹನುಮಕ್ಕ ಭಟ್ಟಿಗೆ ಹೋಗಿದ್ದಳು. ಹಿಂದಿನ ದಿನ ಹಿಡಿದಿಟ್ಟ ಕಂತನ್ನು ನೋಟಿಸಿನ ಗಲಾಟೆಯಲ್ಲಿ ಅವಳು ಇನ್ನೂ ನೋಡಿರಲಿಲ್ಲ. ಕೊಡ ಹಾಗೇ ಮನೆಯೊಳಗೆ ಒದ್ದೆ ಬಟ್ಟೆಯ ಕೆಳಗಿತ್ತು. ಬಿಸಿಲೇರುವ ಹೊತ್ತಿಗೆ ಒಂದು ಹುಡುಗಿ ಓಡಿಬಂದು, ಖಾಕಿ ಹಾಕಿಕೊಂಡ ಒಬ್ಬರು ಮೂಲೆ ಮನೆಯಲ್ಲಿ ಹಂಡೆ, ಡ್ರಮ್ಮು ಎಲ್ಲ ಮುಚ್ಚಳ ತೆಗೆಸಿ ನೋಡುತ್ತಿದ್ದಾರೆ ಎಂದಳು. ಸಾಹೇಬರು ಒಂದು ದಿನ ಮುಂಚೆಯೇ ಬಂದರು ಎಂದುಕೊಂಡೆ. ಕೊಡ ಒಳಗಿಡಲೆಂದು ಹನುಮಕ್ಕ ಕೊಟ್ಟಿದ್ದ ಅವಳ ಮನೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು. ನಾನು ಯೋಚಿಸಲಿಲ್ಲ. ಯೋಚಿಸುವುದರಲ್ಲೇ ದಿನ ಕಳೆಯುವ ನಾನು ಆ ಒಂದು ಸಲ ಯೋಚಿಸದೆ ಅವಳ ಮನೆಯೊಳಗೆ ನುಗ್ಗಿ, ಕೊಡ ಎತ್ತಿಕೊಂಡು ಬಂದು, ಕಣ್ಣು ಮುಚ್ಚಿಕೊಂಡು ನನ್ನ ಹಂಡೆಗೆ ಸುರಿದು, ಮುಚ್ಚಳ ಹಾಕಿ, ಖಾಲಿ ಕೊಡವನ್ನು ಅವಳ ಮನೆಯಲ್ಲಿ ಬೋರಲು ಹಾಕಿ ಬಂದೆ.

ಖಾಕಿಯವನು ನಮ್ಮ ಮನೆಗೂ ಬಂದ. ಸೊಳ್ಳೆ ಔಷಧಿ ಹೊಡೆಯುವವನು. ಹಂಡೆಯ ಮುಚ್ಚಳ ಭದ್ರವಾಗಿರುವುದನ್ನು ನೋಡಿ, ಹೀಗಿರಬೇಕು ಎಂದು ಮೆಚ್ಚಿ ಹೋದ.

ಆ ದಿನ ನನ್ನ ಮನೆಯ ಬೇಳೆ ಬೇಯಲಿಲ್ಲ. ಎಷ್ಟು ಉರಿ ಹಾಕಿದರೂ ಕಾಳು ಕಾಳಾಗಿ ಕುಣಿಯುತ್ತಿತ್ತು. ಮಧ್ಯಾಹ್ನ ಹನುಮಕ್ಕ ಬಂದು ಬೋರಲು ಬಿದ್ದ ಕೊಡ ನೋಡಿ ನೇರ ನನ್ನ ಬಾಗಿಲಿಗೆ ಬಂದಳು. ಎಲ್ಲ ಹೇಳಿದೆ. ಅವಳು ಹಂಡೆಯ ಮುಚ್ಚಳ ತೆಗೆದು ಒಳಗೆ ನೋಡಿದಳು. ನಾನೂ ನೋಡಿದೆ. ನನ್ನ ಮನೆಯ ನೀರಿನ ಜೊತೆ ಕಂತು ಕಲಸಿಹೋಗಿತ್ತು. ಅತ್ತೆಯ ಮಾತು ಸೊಸೆಯ ಬಾಯಲ್ಲಿ ಬರುತ್ತಿತ್ತು. ಕಲಾಯಿಯವನ ತಿದಿ ಮಾತ್ರ ಒಂದು ಮೂಲೆಯಲ್ಲಿ ಕಂಡು, ಆಮೇಲೆ ಕಾಣದಾಯಿತು.

“ಇಷ್ಟು ದಿವ್ಸ ನನ್ ಕೊಡದಾಗೆ ನನ್ ನೀರಿತ್ತು,” ಎಂದಳು ಹನುಮಕ್ಕ. ಅವಳ ದನಿ ಏರಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. “ನೀನು ತಗಂಡು ನಿನ್ ಹಂಡೆಗೆ ಹುಯ್ಕಂಡೆ. ಈಗ ಕಳ್ತನ ಆತು ನೋಡು.”

ಅವಳು ಹೋದ ಮೇಲೆ ನಾನು ಅರೆಬೆಂದ ಬೇಳೆಯ ಮುಂದೆ ಕೂತು ಅತ್ತೆ. ಅಳುತ್ತಲೇ ಆ ಮಾತು ತಲೆಯಲ್ಲಿ ತಿರುಗಿತು. ಅವಳ ಕೊಡದಲ್ಲಿ ಅವಳ ನೀರು. ಅವಳ ಪಾಳಿಯಲ್ಲಿ ಇಟ್ಟ ಕೊಡ, ಅವಳ ಪಾಳಿಗೆ ಬಂದ ನೀರು, ಅವಳ ಕಣ್ಣಿಗಾಗಿ ಕಾದದ್ದು. ನನ್ನ ಹಂಡೆಗೆ ಬಂದದ್ದು ಬೇರೆ. ಎರಡೂ ಹಿಡಿದಿಟ್ಟದ್ದೇ, ಆದರೆ ಎರಡೂ ಒಂದೇ ಅಲ್ಲ. ಇದು ಸರಿ ಎಂದು ಅನ್ನಿಸಿತು. ಆದರೆ ನನಗೆ ಸರಿ ಅನ್ನಿಸಿದ್ದು ಎಷ್ಟೋ ಸಲ ತಪ್ಪಾಗಿದೆ.

ಮರುದಿನ ಬೆಳಿಗ್ಗೆ ಸಾಹೇಬರು ಬಂದರು. ತಿಪ್ಪೇರುದ್ರಯ್ಯ ಎಂದು ಹೆಸರು. ಸಣ್ಣ ಆಳು, ಕುಡಿಯಲು ಚೀಲದಲ್ಲಿ ತಮ್ಮದೇ ಲೋಟ ತಂದಿದ್ದರು. ಗದರುವವರೆಂದುಕೊಂಡಿದ್ದೆ, ಹಾಗಿರಲಿಲ್ಲ. ಕೆಂಪು ನೀರು ಹೋಗುವವರೆಗೆ ಪಾಳಿಯಲ್ಲಿ ಯಾರು ಯಾರಿದ್ದಾರೆ ನೋಡೋಣ ಎಂದು ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗುತ್ತಾ ಬಂದರು. ಗೌರಮ್ಮ ಎಂದಾಗ ಗೌರಮ್ಮನೇ ಹೂಂ ಎಂದಳು. ಹನುಮಕ್ಕ ಎಂದಾಗ ಅಲ್ಲಲ್ಲಿಂದ, “ಅದಾಳೆ,” “ಅಗೋ ಅಲ್ಲಿ, ಬಾಯಿ ಸೊಟ್ಟ ಆಗಿರೋದು” ಎಂದು ದನಿ ಬಂದವು. ಸಾಹೇಬರು ಬಾಯಿ ಸೊಟ್ಟಗಾದ ಆ ಕೊಡವನ್ನು ಒಮ್ಮೆ ನೋಡಿ, ಸರಿ ಎಂದು ಮುಂದಿನ ಹೆಸರಿಗೆ ಹೋದರು.

ಹೆಸರು ಮುಗಿದ ಮೇಲೆ, ಹಿಡಿದಿಟ್ಟು ನೋಡುವವರು ಯಾರು ಎಂದು ಕೇಳಿದರು. ವಿಶಾಲಮ್ಮನವರು ತಲೆ ಎತ್ತದೆ ಅದೇ ಕೊಡದ ಕಡೆ ಬೆರಳು ತೋರಿಸಿದರು. ದೂರು ಕೊಟ್ಟವರು ಅವರೇ ಎಂದು ಎಲ್ಲರಿಗೂ ಆಗ ಗೊತ್ತಾಯಿತು. ಸಾಹೇಬರು ಜೊತೆಗೆ ಬಂದಿದ್ದ ಜವಾನನಿಗೆ ಕೊಡ ಎತ್ತಲು ಹೇಳಿದರು. ಜವಾನ ಬಗ್ಗಿದ.

“ಸಾಹೇಬ್ರೆ, ಒಂದು ಮಾತು,” ಎಂದೆ. ಯಾರಿಗೂ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. “ನಾನು ಹೇಳೋದು ತಪ್ಪಿದ್ದರೂ ಇರಬಹುದು. ಈಗ ನೀವು ಹೆಸರು ಕೂಗಿದ್ರಿ. ಹನುಮಕ್ಕ ಅಂದಾಗ ಎಲ್ಲರೂ ಇದ್ದಾಳೆ ಅಂದ್ರು. ನೀವೂ ಸರಿ ಅಂದ್ರಿ. ಪಾಳಿಯಲ್ಲಿ ಇದ್ದವರಿಗೆ ನೋಡೋ ಹಕ್ಕು ಅಂತ ನೋಟಿಸಿನಲ್ಲೂ ಇದೆ. ಅವಳು ಪಾಳಿಯಲ್ಲಿದ್ದಾಳೆ. ಅವಳ ಪಾಳಿ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ಮುಗಿಯುತ್ತೆ, ಅಷ್ಟೇ. ಅವಳ ಕೊಡದಿಂದ ಇನ್ನೊಬ್ಬರ ಪಾತ್ರೆಗೆ ಹೋದ್ರೆ ಅದು ಬೇರೆ, ಅದು ತಪ್ಪು. ಆ ತಪ್ಪು ಮಾಡಿದವಳು ನಾನು.”

ಸೊಳ್ಳೆ ಔಷಧಿಯವನ ಕಥೆಯನ್ನೂ ಹಂಡೆಯ ಕಥೆಯನ್ನೂ ಹೇಳಿದೆ. ಹೇಳದಿದ್ದರೆ ನನ್ನ ವಾದಕ್ಕೆ ಬೆಲೆ ಇರುವುದಿಲ್ಲ ಎಂದು ಅನ್ನಿಸಿತು. ಆಮೇಲೆ ಏನಾಯಿತು ಎಂದು ಸಾಹೇಬರು ಕೇಳಿದರು. ಬೇಳೆ ಬೇಯಲಿಲ್ಲ ಎಂದೆ. ಓಣಿಯೆಲ್ಲ ನಕ್ಕಿತು. ಜವಾನನೂ ಕೊಡ ಬಿಟ್ಟು ನಕ್ಕ. ನಲ್ಲಿಯ ಕಂಠದಲ್ಲಿ ಗುಳುಗುಳು ಸದ್ದಾಯಿತು.

“ಹಾಗಾದ್ರೆ ನಿಮಗೆ ಶಿಕ್ಷೆ ಆಗಿಹೋಗಿದೆ,” ಎಂದರು ಸಾಹೇಬರು. ಅವರು ನಗಲಿಲ್ಲ. “ಕೊಡ ಆಳಿಗೆ ಸಮ ಅನ್ನೋದನ್ನ ನಾನೂ ಬಲ್ಲೆ. ನಮ್ಮ ತಾಯಿಯೂ ಕೊಡ ಇಟ್ಟೇ ಹೊಲಕ್ಕೆ ಹೋಗ್ತಿದ್ಲು. ಆದ್ರೆ ಕೊಡ ನಿಲ್ಲುತ್ತೆ, ನಗುತ್ತಾ ಲಾಯರಮ್ಮ? ಮೇಲಿನೂರ ಜನ ಪೈಪಿಗೆ ಕಿವಿ ಕೊಟ್ಟು ಕೂತಿರ್ತಾರೆ. ಅವರು ಕೇಳೋದು ಅದೊಂದೇ. ನೋಡೋರು ನೋಡಿಕೊಂಡು ಸುಮ್ಮನಿದ್ರೆ ಅವರು ಯಾರಿಗೆ ಅಂತ ಮಾಡಬೇಕು?”

ಆ ನಷ್ಟ ನಿಜವಾದದ್ದು. ಕಾನೂನು ಹೆದರಿದ್ದು ಇದಕ್ಕೇ ಎಂದು ನನಗೆ ಆಗ ಅರ್ಥವಾಯಿತು. ಇಲ್ಲ ಸಾಹೇಬ್ರೆ, ಕೊಡ ನಗುವುದಿಲ್ಲ ಎಂದೆ. ಜವಾನ ಮತ್ತೆ ಬಗ್ಗಿದ.

“ನಗ್ತಾಳೆ,” ಎಂದರು ವಿಶಾಲಮ್ಮನವರು.

ಎಲ್ಲರೂ ತಿರುಗಿದರು. ಅವರು ಇನ್ನೂ ನೆಲವನ್ನೇ ನೋಡುತ್ತಿದ್ದರು.

“ಮಧ್ಯಾಹ್ನ ನಗ್ತಾಳೆ, ಗೋಡೆ ಅದುರೋ ಹಂಗೆ. ಮುಂಚೆ ನಾನು ಕಥೆ ಹೇಳ್ತಿದ್ದೆ, ಹೂಂ ಹೂಂ ಅಂತಿದ್ಲು. ಒಂದು ದಿನಾನೂ ನಗಲಿಲ್ಲ. ಈಗ ಗೋಡೆ ಆಚೆ ಕೂತು ಒಬ್ಬಳೇ ನಗ್ತಾಳೆ. ಯಾಕೆ ನಗ್ತಾಳೋ ನನಗೆ ಗೊತ್ತಾಗಲ್ಲ. ಅದಕ್ಕೇ ದೂರು ಕೊಟ್ಟೆ ಸಾಹೇಬ್ರೆ. ಕೊಡ ಎತ್ತಿಸಲಿ ಅಂತ ಅಲ್ಲ.”

ಸಾಹೇಬರು ತಮ್ಮ ಲೋಟವನ್ನು ಚೀಲದಿಂದ ತೆಗೆದು, ಮತ್ತೆ ಒಳಗಿಟ್ಟರು. ಹಾಗಾದರೆ ಆ ನಗು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದರು. ಮನೆಯ ಗೋಡೆಯೊಳಗೇ ಉಳಿಯುತ್ತದೆ ಎಂದೆವು. ಮಧ್ಯಾಹ್ನ ನಲ್ಲಿಯ ಬಾಯಿ ಮುಚ್ಚಿರುತ್ತದೆ, ಬೀಗ ಹಾಕಿರುತ್ತದೆ. ಹಾಗೆ ಹೇಳುತ್ತಿರುವಾಗಲೇ ನನ್ನ ಕೈ ಸೆರಗಿನ ಗಂಟಿಗೆ ಹೋಯಿತು. ಆ ಬೀಗದ ಕೀಲಿ ಇದ್ದದ್ದು ಅಲ್ಲೇ.

ಮಧ್ಯಾಹ್ನ ನೀರಿಲ್ಲದಾಗ ನಲ್ಲಿಯ ಬಾಯಿ ತೆರೆದಿಡಬಹುದೇ, ಹನುಮಕ್ಕ ತನ್ನ ಕೊಡವನ್ನು ಇಲ್ಲಿಗೇ ತಂದು ನೋಡಿದರೆ ಆಗುತ್ತದೆಯೇ ಎಂದು ಕೇಳಿದೆ. ಹಾಗೆ ಯಾರೂ ಮಾಡಿಲ್ಲ ಎಂದರು ಸಾಹೇಬರು. ಮಾಡಬಾರದೆಂದು ಎಲ್ಲಿಯೂ ಬರೆದಿಲ್ಲ ಎಂದು ನಾನು ಹೇಳಿದ್ದು ಹನುಮಕ್ಕನ ಮಾತನ್ನೇ. ಅವರು ಪೈಪನ್ನು ಬೆರಳಿನಿಂದ ತಟ್ಟಿ ನೋಡಿದರು. ಮಳೆಗಾಲ ಶುರುವಾಗುವವರೆಗೆ ಕೊಡ ಇರಲಿ ಎಂದರು. ಅಷ್ಟರೊಳಗೆ ಈ ನಗು ತಲುಪಿದ ಗುರುತು ಮೇಲಿನಿಂದ ಬಂದು ಧಾರಾವಾಹಿಯಲ್ಲಿ ಕಂಡರೆ ಸರಿ. ಬಾರದಿದ್ದರೆ ನಾನೇ ಬಂದು ಕೊಡ ಎತ್ತುತ್ತೇನೆ, ಆಗ ಯಾರೂ ಅಡ್ಡ ಬರಬಾರದು ಎಂದು ನನ್ನನ್ನೇ ನೋಡಿ ಹೇಳಿದರು.

ಆ ಮಧ್ಯಾಹ್ನ ಹನುಮಕ್ಕ ಸುದ್ದಿ ಕೇಳಿ ತಲೆಯ ಹೊಟ್ಟು ಕೊಡವಿಕೊಂಡಳು. ಆಮೇಲೆ, “ಓಣಿಯಾಗೆ ಕುಂತು ನಗಬೇಕಾ? ಎಲ್ಲರೂ ನೋಡ್ತಾರೆ,” ಎಂದಳು. ಬಿಸಿಲಿಗೆ ಓಣಿಯಲ್ಲಿ ಯಾರೂ ಇರುವುದಿಲ್ಲ ಎಂದೆ. ನಾನು ಬೀಗ ತೆಗೆದೆ. ಒಣಗಿದ ನಲ್ಲಿಯ ಬಾಯಿಂದ ತಣ್ಣನೆ ಗಾಳಿ ಬಂತು. ಅವಳು ಪರಾತಕ್ಕೆ ಕೊಡ ಬಗ್ಗಿಸಿ ಕೂತಳು. ಕಲಾಯಿಯವನು ಆ ಕಂತಿನಲ್ಲಿ ಬರಲಿಲ್ಲ. ಈಚೆಗೆ ಅವನು ಬರುವುದೇ ಅಪರೂಪವಾಗಿತ್ತು. ಹನುಮಕ್ಕ ನೀರನ್ನು ಕೊಡಕ್ಕೆ ಮೊಗೆದುಕೊಂಡು ಎದ್ದು ಹೋದಳು.

ಮುಂದಿನ ನೀರಿನ ದಿನದ ಮಧ್ಯಾಹ್ನ ಕಲಾಯಿಯವನು ಬಂದ, ಒಂದೇ ಒಂದು ಸಲ. ಬಾಗಿಲಲ್ಲಿ ಇಣುಕಿ, ಬಾಯಿ ತೆರೆದು, ಒಳಗಿನಿಂದ ತಟ್ಟೆ ಹಾರಿ ಬಂದದ್ದನ್ನು ಹಿಡಿದು, ಇದಕ್ಕೆ ಕಲಾಯಿ ಬೇಕಾಗಿಲ್ಲ ಎನ್ನುವಂತೆ ತಿರುಗಿಸಿ ನೋಡಿ, ಹೊಸ್ತಿಲಲ್ಲಿಟ್ಟು ಹೋದ. ಹನುಮಕ್ಕ ನಲ್ಲಿಕಂಬ ಹಿಡಿದುಕೊಂಡು ಹಿಂದಿನ ಹಾಗೆ ನಕ್ಕಳು. ಬಾಗಿಲ ಸಂದಿಯಲ್ಲಿ ನೋಡುತ್ತಿದ್ದ ವಿಶಾಲಮ್ಮನವರು ಆಗ ಹೊರಗೆ ಬಂದು, ಸೆರಗು ತಲೆಗೆ ಹೊದ್ದು, ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತರು. ಬೆಳಿಗ್ಗೆಯೇ ನೋಡಿದ್ದರಿಂದ ಅವರು ಪರಾತದೊಳಗೆ ಬಗ್ಗಲಿಲ್ಲ. ಬೆಳಿಗ್ಗೆ ಕಂಡದ್ದನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಾ ಹನುಮಕ್ಕನ ಮುಖ ನೋಡುತ್ತಿದ್ದರು.

“ಅವನಾ?” ಎಂದು ಕೇಳಿದರು. “ಆ ತಿದಿಯವನಾ?”

“ಅವನೇ ಅಮ್ಮಾರೆ.”

“ಇಷ್ಟು ದಿನ ಅವನು ಇದ್ದದ್ದೇ ನಾನು ಗಮನಿಸಲಿಲ್ವಲ್ಲೇ.”

ಅಂದಿನಿಂದ ವಿಶಾಲಮ್ಮನವರು ಬೆಳಿಗ್ಗೆ ಕಲಾಯಿಯವನನ್ನು ಹುಡುಕುತ್ತಿದ್ದರು, ಮಧ್ಯಾಹ್ನ ಹನುಮಕ್ಕನ ಪಕ್ಕ ಕೂತು ಹೇಳಿಬಿಡಲು ಒದ್ದಾಡುತ್ತಿದ್ದರು. ಈಗ ಬರ್ತಾನೆ, ಈಗ ನೋಡು ಎನ್ನುವರು. ಹೇಳಬೇಡಿ ಅಮ್ಮಾರೆ ಎಂದು ಇವಳು ಗದರುವಳು. ಒಂದು ನಗುವಿದ್ದ ಕಡೆ ಎರಡಾಯಿತು. ಆದರೂ ಮೇಲಿನಿಂದ ಯಾವ ಗುರುತೂ ಬರಲಿಲ್ಲ. ಕಲಾಯಿಯವನು ಒಂದು ಕಂತಿನಲ್ಲಿ ಬಂದರೆ ಎರಡರಲ್ಲಿ ಬರುತ್ತಿರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟತೊಡಗಿತು. ನಾನು ಪ್ರತಿ ಸಲ ಬೀಗ ತೆಗೆದಾಗಲೂ ಪೈಪಿಗೆ ಕಿವಿ ಇಟ್ಟು, ನಗು ಹೋಗುವ ದಾರಿಯಲ್ಲಿ ಎಲ್ಲಾದರೂ ತುಕ್ಕು ಹಿಡಿದಿದೆಯೋ ಎಂದು ಯೋಚಿಸುತ್ತಿದ್ದೆ. ಕೊಡ ಹೋದರೆ ನನ್ನ ಪಾಳಿಯ ನೀರಿನಲ್ಲಿ ಅವಳಿಗೆ ಅರ್ಧ ಕೊಡಬಹುದೇ, ಅದು ಕಾನೂನಿಗೆ ಸರಿಯೇ ಎಂದೂ ಯೋಚಿಸಿದ್ದೆ.

ಮೊದಲ ಮಳೆ ಬೀಳುವ ಹಾಗಿದ್ದ ಒಂದು ಬೆಳಿಗ್ಗೆ, ಕೆಂಪು ನೀರು ಹೋಗಿ ತಿಳಿನೀರು ಬಂದಾಗ, ಪರಾತದಲ್ಲಿ ದೊಡ್ಡ ಮನೆಯ ಬಾಗಿಲು ಕಾಣಿಸಿತು. ಅತ್ತೆ ಸೊಸೆ ಪತ್ರಕ್ಕಾಗಿ ಎಳೆದಾಡುತ್ತಿದ್ದರು. ಕಲಾಯಿಯವನು ಬಂದು ಕೇಳಿದ. ಯಾವತ್ತೂ ತಿರುಗಿಯೂ ನೋಡದ ಅತ್ತೆ ಅಂದು ಪತ್ರವನ್ನು ಬಿಟ್ಟು, “ಬಾರಪ್ಪ ಒಳಗೆ, ಎಷ್ಟು ಸಲ ಕೇಳ್ತೀಯ” ಎಂದಳು. ಅವನು ಅಂಗಳದಲ್ಲಿ ಗುಂಡಿ ತೋಡಿ, ತಿದಿ ಊದಿ, ಇದ್ದಲು ಕೆಂಪಗೆ ಮಾಡಿದ. ಸೊಸೆ ಅಟ್ಟದಿಂದ ಕಪ್ಪಾದ ಪಾತ್ರೆಗಳನ್ನೆಲ್ಲ ಇಳಿಸಿ ತಂದಳು. ಕಂತು ಮುಗಿಯುವವರೆಗೆ ಅವನು ಒಂದೊಂದನ್ನೇ ಬೆಳ್ಳಗೆ ಮಾಡುತ್ತಾ, ನಡುನಡುವೆ ಅತ್ತೆಗೆ ಏನೋ ಬುದ್ಧಿ ಹೇಳಲು ಹೋಗಿ ಕೈ ಸುಟ್ಟುಕೊಳ್ಳುತ್ತಾ ಇದ್ದ.

ಓಣಿಯವರು ಗುಸುಗುಸು ಮಾತಾಡಿಕೊಂಡರು. ಇವನ್ಯಾಕೆ ಇವತ್ತು ಇಷ್ಟು ಹೊತ್ತು ಇದ್ದಾನೆ ಎಂದು ಗೌರಮ್ಮ ಕೇಳಿದಳು. ನಾನು ವಿಶಾಲಮ್ಮನವರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಪಾಳಿಯಲ್ಲಿದ್ದ ಹನುಮಕ್ಕನ ಕೊಡ ಆಗಷ್ಟೇ ತುಂಬಿತ್ತು. ಅವರು ಬೇಗ ಹೋಗಿ, ಮುಖ ಬೇರೆ ಕಡೆ ತಿರುಗಿಸಿಕೊಂಡು, ಒದ್ದೆ ಬಟ್ಟೆಯನ್ನು ಅದರ ಸೊಟ್ಟ ಬಾಯಿಗೆ ಎಳೆದು ಸುತ್ತಲೂ ಒತ್ತಿದರು.

ಭಟ್ಟಿಗೇ ಓಡಿಹೋಗಿ ಹೇಳಿಬರಲೇ ಎಂದು ನಾನು ಕೇಳಿದೆ. ನನ್ನ ಕಾಲು ಆಗಲೇ ಒಂದು ಹೆಜ್ಜೆ ಇಟ್ಟಿತ್ತು.

“ಬಾಯಿ ಮುಚ್ಕೊಂಡು ಕೂತ್ಕೋ ಲಾಯರಮ್ಮ,” ಎಂದರು ವಿಶಾಲಮ್ಮನವರು. “ಅವಳೇ ನೋಡ್ಲಿ.”

ಎಲ್ಲರೂ ನೀರು ತುಂಬಿಕೊಂಡು ಹೋದರು. ಹನಿ ಬೀಳತೊಡಗಿತು. ನಾನು ಅಂದು ನಲ್ಲಿಗೆ ಬೀಗ ಹಾಕಲಿಲ್ಲ. ಮಧ್ಯಾಹ್ನ ಹನುಮಕ್ಕ ಓಣಿಯ ತಿರುವಿನಲ್ಲಿ ಕಾಣುವವರೆಗೂ ವಿಶಾಲಮ್ಮನವರು ಆ ಕೊಡದ ಪಕ್ಕದಲ್ಲೇ, ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು.